ಅಂಗಿ ಎತ್ತಿ ಬೇರು ನೋಡು: ಪುಟ್ಟ ಮಕ್ಕಳಿಗೆ ಗಿಡ ಬೆಳೆಸುವ ಕಿಟ್ ಮಾಡುವ ಬಗೆ

ಅಲಸಂದೆ ಬೀಜ ಹಾಕಿದ ಮಾರನೇ ಬೆಳಿಗ್ಗೆ ನನ್ನ ಅಕ್ಕನ ಮಗಳು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾಲ್ಕು ವರ್ಷದವಳು. ತೋರುಬೆರಳಲ್ಲಿ ಮಣ್ಣು ಕೆದಕಿ ಬೀಜ ಹೊರಗೆ ತೆಗೆದಳು, ಅಂಗೈ ಮೇಲಿಟ್ಟು ನೋಡಿದಳು, "ಚಿಕ್ಕಮ್ಮ, ಇದು ಇನ್ನೂ ಎದ್ದಿಲ್ಲ" ಅಂದಳು, ಮತ್ತೆ ಒಳಗೆ ತುರುಕಿ ಮೇಲೆ ತಟ್ಟಿದಳು. ಅದರ ಮಾರನೇ ದಿನವೂ ಅದೇ. ಮೂರನೇ ದಿನ ಬೀಜದ ಸಿಪ್ಪೆ ಬಿರಿದು ಬಿಳಿ ಬೇರು ಸಾಸಿವೆ ಕಾಳಿನಷ್ಟು ಹೊರಗೆ ಇಣುಕಿತ್ತು. ಅದು ಅವಳ ಉಗುರಿಗೆ ಸಿಕ್ಕಿ ಮುರಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ವಾರ ಕಳೆದರೂ ಏನೂ ಬರಲಿಲ್ಲ, ಕುಂಡ ಹಿತ್ತಲಿಗೆ ಹೋಯಿತು, ಅವಳು ಆ ಕಡೆ ಹೋಗುವುದನ್ನೇ ಬಿಟ್ಟಳು.

ನಾನು ತುಮಕೂರಿನಲ್ಲಿ ಮನೆ ಹಿಂದಿನ ಶೆಡ್‌ನಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಗಿಡ ಬೆಳೆಸುವ ಕಿಟ್ ಮಾಡುತ್ತೇನೆ. ಶುರುವಾಗಿದ್ದು ಆ ಕುಂಡದಿಂದ. ಒಳಗೆ ಏನಾಗುತ್ತಿದೆ ಅಂತ ನೋಡುವ ಆಸೆ ಇರುವ ಮಗುವೇ ಗಿಡ ಬೆಳೆಸುವ ಮಗು. ಆ ಆಸೆಗೆ ಜಾಗವೇ ಇಲ್ಲದ ವಸ್ತುವನ್ನು ಅದರ ಕೈಗೆ ಕೊಟ್ಟಿದ್ದು ನಾವು. ಹಾಗಾಗಿ ಸಂಘದವರು, ನರ್ಸರಿ ಇಟ್ಟವರು, ಟೀಚರ್‌ಗಳು, ಡಿಸೈನ್ ಓದುತ್ತಿರುವ ಹುಡುಗ ಹುಡುಗಿಯರು, ಯಾರೇ ಇಂಥ ಕಿಟ್ ಮಾಡಲು ಹೊರಟರೂ ನಾನು ಹೇಳುವುದು ಒಂದೇ: ಬೀಜ ಹಾಕುವ ದಿನಕ್ಕಿಂತ ಕಾಯುವ ದಿನಗಳ ಬಗ್ಗೆ ಜಾಸ್ತಿ ಯೋಚನೆ ಮಾಡಿ. ಕೆಳಗಿನ ಹಂತಗಳೆಲ್ಲ ಅದಕ್ಕೇ.

1. ಮೊದಲು ಬೀಜ, ಡಬ್ಬಿ ಆಮೇಲೆ

ತುಂಬ ಜನ ಚೆಂದದ ಡಬ್ಬಿಯಿಂದ ಶುರು ಮಾಡುತ್ತಾರೆ. ನೀವು ಬೀಜದಿಂದ ಶುರು ಮಾಡಿ. ನಾಲ್ಕು ವರ್ಷದ ಮಗುವಿಗೆ ಒಂದು ವಾರ ಅಂದರೆ ಬಹಳ ದೂರ. ಮೆಂತ್ಯ, ಸಾಸಿವೆ ಎರಡು ಮೂರು ದಿನದಲ್ಲಿ ಮೊಳಕೆ ಒಡೆಯುತ್ತವೆ. ಹೆಸರುಕಾಳನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನವೇ ಬಾಲ ಬಿಡುತ್ತದೆ. ಅಲಸಂದೆ ಮೇಲೆ ಬರಲು ನಾಲ್ಕೈದು ದಿನ. ಬೆಂಡೆಗೆ ಹೆಚ್ಚುಕಡಿಮೆ ಒಂದು ವಾರ, ಟೊಮೆಟೊಗೆ ಆರರಿಂದ ಹತ್ತು ದಿನ. ಕೊತ್ತಂಬರಿಗೆ ಎಷ್ಟೋ ಸಲ ಹತ್ತು ದಿನ ದಾಟುತ್ತದೆ, ಅದೂ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಿದರೆ. ಟೊಮೆಟೊ, ಕ್ಯಾಪ್ಸಿಕಂ ಚಿತ್ರ ಡಬ್ಬಿ ಮೇಲೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಮಗು ಎದುರು ನೋಡುವುದು ನಾಳೆ ಬೆಳಿಗ್ಗೆಯನ್ನು.

ನನ್ನ ಕಿಟ್‌ನಲ್ಲಿ ಎರಡೇ ಬೀಜ. ಒಂದು ಬೇಗ ಬರೋದು, ಇನ್ನೊಂದು ಜಾಸ್ತಿ ದಿನ ಜೊತೆಗಿರೋದು. ಮೆಂತ್ಯ ಮೂರನೇ ದಿನಕ್ಕೆ ಹಸಿರಾಗಿ ಎದ್ದು ಮಗುವಿಗೆ ನಂಬಿಕೆ ಕೊಡುತ್ತದೆ, ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಅದನ್ನೇ ಚಿವುಟಿ ರೊಟ್ಟಿಗೆ ಹಾಕಬಹುದು. ಅಷ್ಟರಲ್ಲಿ ಅಲಸಂದೆ ನಾಲ್ಕೈದು ಎಲೆ ಬಿಟ್ಟಿರುತ್ತದೆ. ಸುಮಾರು ಒಂದೂವರೆ ತಿಂಗಳಿಗೆ ಹೂವು, ಎರಡು ತಿಂಗಳ ಹೊತ್ತಿಗೆ ಕಾಯಿ. ಎರಡಕ್ಕಿಂತ ಜಾಸ್ತಿ ಬೀಜ ಹಾಕಬೇಡಿ. ಆರು ಪ್ಯಾಕೆಟ್ ಕೊಟ್ಟರೆ ಮಗು ಆರನ್ನೂ ಒಂದೇ ಗುಂಡಿಗೆ ಸುರಿಯುತ್ತದೆ.

ಬೀಜದ ಗಾತ್ರವೂ ಮುಖ್ಯ. ಅಲಸಂದೆ, ಸೂರ್ಯಕಾಂತಿ, ಕುಂಬಳ ಇವೆಲ್ಲ ಪುಟ್ಟ ಬೆರಳಿಗೆ ಸಿಗುತ್ತವೆ, ಒಂದೊಂದಾಗಿ ಎಣಿಸಿ ಹಾಕಬಹುದು. ದಂಟಿನ ಬೀಜ ಧೂಳಿನ ಹಾಗೆ, ಸೀನಿದರೆ ಹಾರಿಹೋಗುತ್ತದೆ. ದಂಟು ಬೇಕೇ ಬೇಕು ಅನ್ನುವವರು ರೈತರು ಮಾಡುವ ಹಾಗೆ ಒಣಮರಳಿನ ಜೊತೆ ಬೆರೆಸಿ, ತೂತಿರುವ ಮುಚ್ಚಳದ ಡಬ್ಬಿಯಲ್ಲಿ ಕೊಡಿ. ಮಗು ಉದುರಿಸಿದಷ್ಟೂ ಸಮವಾಗಿ ಬೀಳುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟು ಇದಕ್ಕೆ ಒಳ್ಳೇದು, ಚಿವುಟಿದ ಮೇಲೂ ಮತ್ತೆ ಚಿಗುರುತ್ತದೆ. ಹೈಬ್ರಿಡ್ ಬೀಜ ಬೇಡ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಇನ್ನೊಂದು ವಿಷಯ, ಇದನ್ನು ನಾನು ಕಷ್ಟಪಟ್ಟು ಕಲಿತೆ. ನಮ್ಮ ಕಡೆ ಅವರೆಕಾಯಿ ಅಂದರೆ ಪ್ರಾಣ, ಬೀಜವೂ ದಪ್ಪ, ಮಕ್ಕಳಿಗೆ ಇದಕ್ಕಿಂತ ಬೇಕಾ ಅಂತ ಒಂದು ವರ್ಷ ಮಾರ್ಚ್‌ನಲ್ಲಿ ನಾಟಿ ಅವರೆ ಹಾಕಿ ಕಿಟ್ ಕೊಟ್ಟುಬಿಟ್ಟೆ. ಬಳ್ಳಿ ಹಬ್ಬಿತು. ಕಿಟಕಿ ಸರಳೆಲ್ಲ ಸುತ್ತಿಕೊಂಡಿತು. ಆದರೆ ಹೂವು ಬರಲೇ ಇಲ್ಲ. ನಾಟಿ ಅವರೆಗೆ ಹಗಲು ಕಡಿಮೆಯಾಗಬೇಕು, ಚಳಿಗಾಲದ ಹೊತ್ತಿಗೇ ಅದು ಹೂ ಬಿಡೋದು. ಬೇಸಿಗೆಯಲ್ಲಿ ಎಷ್ಟು ನೀರು ಹಾಕಿದರೂ ಬರೀ ಎಲೆ. "ಕಾಯಿ ಯಾವಾಗ ಆಂಟಿ" ಅಂತ ಮಕ್ಕಳು ಕೇಳಿದಾಗ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಹಗಲಿನ ಉದ್ದ ನೋಡದೆ ಕಾಯಿ ಬಿಡುವ ತಳಿಗಳಿವೆ, ಹೆಬ್ಬಾಳ ಅವರೆ, ಅರ್ಕಾ ಜಯ್ ಅಂಥವು. ಅವರೆ ಕೊಡುವುದಾದರೆ ಅವನ್ನೇ ಕೊಡಿ. ಯಾವ ಬೀಜವಾದರೂ ಸರಿ, ನೀವು ಕೊಡುವ ತಿಂಗಳಲ್ಲೇ ಒಂದು ಸಲ ನಿಮ್ಮ ಮನೆಯಲ್ಲಿ ಕಾಯಿ ಬರೋವರೆಗೂ ಬೆಳೆದು ನೋಡದೆ ಪ್ಯಾಕ್ ಮಾಡಬೇಡಿ.

2. ನೋಡಲು ಒಂದು ಕಿಟಕಿ ಕೊಡಿ

ಇದು ಇಡೀ ಕಿಟ್‌ನ ಹೃದಯ. "ಅಗೆಯಬೇಡ" ಅಂದರೆ ಮಗು ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ಅಗೆಯದೇ ನೋಡುವ ದಾರಿ ಕೊಡಿ. ಒಣದ್ರಾಕ್ಷಿ, ಉಪ್ಪಿನಕಾಯಿ ತುಂಬುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಗಾಜು ಬೇಡ. ತೆಳು ಪ್ಲಾಸ್ಟಿಕ್ ಲೋಟವೂ ಬೇಡ, ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟಗಳನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಮಾಡಿದ್ದಾರೆ, ಮೇಲಾಗಿ ಅವು ಸೀಳಿ ಕೈ ಕೊಯ್ಯುತ್ತವೆ.

ಡಬ್ಬಿಯ ತಳಕ್ಕೆ ಮೂರು ನಾಲ್ಕು ತೂತು ಹಾಕಿ. ಒಳಗೆ ಒದ್ದೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿ. ಬೀಜವನ್ನು ನಡುವೆ ಹಾಕದೆ ಡಬ್ಬಿಯ ಗೋಡೆಗೆ ಒತ್ತಿಕೊಂಡಿರುವ ಹಾಗೆ, ಹೊರಗಿನಿಂದ ಕಾಣುವ ಹಾಗೆ ಇಳಿಸಬೇಕು. ಎಷ್ಟು ಆಳ ಅಂದರೆ ಮಗುವಿನ ಬೆರಳಿನ ಮೊದಲ ಗಿಣ್ಣಿನಷ್ಟು. ಸೆಂಟಿಮೀಟರ್ ಲೆಕ್ಕ ಯಾರಿಗೂ ಬೇಡ, ಅಳತೆಗೋಲು ಮಗುವಿನ ಕೈಯಲ್ಲೇ ಇದೆ.

ಈಗ ಒಂದು ತೊಡಕು. ಬೇರಿಗೆ ಬೆಳಕು ಆಗಲ್ಲ, ಬೆಳಕು ಬಿದ್ದ ಕಡೆಯಿಂದ ಒಳಕ್ಕೆ ತಿರುಗಿಕೊಳ್ಳುತ್ತದೆ. ಗೋಡೆಗೆ ಹಸಿರು ಪಾಚಿಯೂ ಕಟ್ಟುತ್ತದೆ. ಅದಕ್ಕೆ ಡಬ್ಬಿಗೆ ದಪ್ಪ ಕಾಗದದ ಒಂದು ಹೊದಿಕೆ ಮಾಡಿ, ಹಳೇ ಕ್ಯಾಲೆಂಡರ್ ಹಾಳೆ ಆದರೂ ನಡೆಯುತ್ತದೆ, ಮೇಲಿಂದ ಸಲೀಸಾಗಿ ಎತ್ತಿ ಮತ್ತೆ ಹಾಕುವಷ್ಟು ಸಡಿಲವಾಗಿ. ನಮ್ಮ ಮಕ್ಕಳು ಅದನ್ನು ಅಂಗಿ ಅನ್ನುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಅಂಗಿ ಎತ್ತುತ್ತಾರೆ, ನೋಡುತ್ತಾರೆ, ಅಂಗಿ ಹಾಕುತ್ತಾರೆ. ಬೆರಳು ಮಣ್ಣಿಗೆ ಹೋಗುವುದೇ ಇಲ್ಲ. ಮೊದಲು ಬೀಜ ಊದಿಕೊಳ್ಳುತ್ತದೆ, ಆಮೇಲೆ ಸಿಪ್ಪೆ ಸುಕ್ಕಾಗುತ್ತದೆ, ಒಂದು ಬಿಳಿ ಬೇರು ಕೆಳಕ್ಕೆ ಇಳಿಯುತ್ತದೆ, ಅದರ ಮೈಮೇಲೆ ನವಿರಾದ ಬೂಸ್ಟಿನಂಥ ಕೂದಲು ಬರುತ್ತದೆ. ಕೆಲವು ಅಮ್ಮಂದಿರು ಇದು ಫಂಗಸ್ ಅಂತ ಹೆದರಿ ಎಸೆದಿದ್ದಾರೆ, ಆದ್ದರಿಂದ ಬೇರಿನ ಕೂದಲಿನ ಚಿತ್ರ ಕಾಗದದಲ್ಲಿ ಹಾಕಿ. ಕಾಂಡ ಬಿಲ್ಲಿನ ಹಾಗೆ ಬಾಗಿ ಮಣ್ಣನ್ನು ತಲೆಯಿಂದ ಎತ್ತಿಕೊಂಡು ಮೇಲೆ ಬರುತ್ತಲ್ಲ, ಅದನ್ನು ನೋಡಿದ ಮಗುವನ್ನು ಆ ಡಬ್ಬಿಯಿಂದ ಎಬ್ಬಿಸೋದು ಕಷ್ಟ.

3. ಒಳಗೆ ತುಂಬುವುದು ಏನು

ತುಮಕೂರು ಜಿಲ್ಲೆಯವರಿಗೆ ಇದು ಸುಲಭ. ಕಲ್ಪತರು ನಾಡು ಅಂತಲೇ ಹೆಸರು ನಮಗೆ, ತಿಪಟೂರು ಗುಬ್ಬಿ ಕಡೆ ನಾರು ತೆಗೆಯುವ ಜಾಗದಲ್ಲಿ ನಾರಿನ ಪುಡಿ ಸಿಗುತ್ತದೆ. ಆದರೆ ಸೀದಾ ತಂದು ತುಂಬಬೇಡಿ. ನಾನು ಮೊದಲ ಸಲ ಹಾಗೇ ಮಾಡಿದ್ದೆ. ಮೆಂತ್ಯ ಹುಟ್ಟಿತು, ನಾಲ್ಕು ದಿನಕ್ಕೆ ಎಲೆ ಅಂಚು ಸುಟ್ಟ ಹಾಗಾಯಿತು, ಬೇರು ಕಂದಿತು. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಇರುತ್ತದೆ, ಜೊತೆಗೆ ಕಂದು ಬಣ್ಣದ ಒಗರು. ಅದನ್ನು ಡ್ರಮ್‌ನಲ್ಲಿ ನೆನೆಹಾಕಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಹಾಕಬೇಕು. ಚಹಾ ಬಣ್ಣದ ನೀರು ತಿಳಿಯಾಗುವವರೆಗೆ, ಕಡಿಮೆ ಅಂದರೂ ಮೂರು ಸಲ. ಇಟ್ಟಿಗೆ ರೂಪದಲ್ಲಿ ಕೊಳ್ಳುವವರು ತೊಳೆದದ್ದು, ಲೋ ಇ.ಸಿ. (ಉಪ್ಪಿನಂಶ ಕಡಿಮೆ ಇರೋದು) ಅಂತ ಕೇಳಿ ತಗೊಳ್ಳಿ.

ಕೊಕೊಪೀಟ್‌ನಲ್ಲಿ ನೀರು ನಿಲ್ಲುತ್ತದೆ, ಗಾಳಿ ಆಡುತ್ತದೆ, ಆದರೆ ಗಿಡಕ್ಕೆ ಊಟ ಇಲ್ಲ. ಅರ್ಧಕ್ಕರ್ಧ ಎರೆಗೊಬ್ಬರ ಸೇರಿಸಿ. ಹಸಿ ಸಗಣಿ ಗೊಬ್ಬರ ಬೇಡವೇ ಬೇಡ, ವಾಸನೆ ಬಂದರೆ ಮನೆಯವರು ಡಬ್ಬಿಯನ್ನು ಹೊರಗಿಡುತ್ತಾರೆ, ಹೊರಗಿಟ್ಟರೆ ಕೋಳಿ ಕೆದಕುತ್ತದೆ.

ನಾನು ಕಿಟ್‌ನಲ್ಲಿ ಕೊಡುವುದು ಒತ್ತಿದ ಕೊಕೊಪೀಟ್ ಬಿಲ್ಲೆ. ಡಬ್ಬಿ ತೆಗೆದ ಎರಡು ನಿಮಿಷದಲ್ಲಿ ಮಗು ಏನಾದರೂ ಮಾಡಬೇಕು, ಅಲ್ವಾ. ಉಗುರುಬೆಚ್ಚಗಿನ ನೀರು ಹುಯ್ದರೆ ಬಿಲ್ಲೆ ಕಣ್ಣೆದುರೇ ಇಡ್ಲಿ ಹಾಗೆ ಉಬ್ಬುತ್ತದೆ. ಆಮೇಲೆ ಮಗುವೇ ಕೈಹಾಕಿ ಪುಡಿ ಮಾಡಿ ಎರೆಗೊಬ್ಬರ ಕಲಸಲಿ. ಅಲ್ಲಿಂದ ಆ ಡಬ್ಬಿ ಅದರದ್ದು.

4. ಮೆಂತ್ಯಕ್ಕೆ ತೆಂಗಿನ ಚಿಪ್ಪು

ಅಲಸಂದೆಗೆ ಕಿಟಕಿ ಡಬ್ಬಿ, ಮೆಂತ್ಯಕ್ಕೆ ಚಿಪ್ಪು. ಕೊಬ್ಬರಿ ಸುಲಿಯುವ ಕಡೆ ಚಿಪ್ಪು ಹುಡುಕಬೇಡಿ, ಉಂಡೆ ಕೊಬ್ಬರಿ ಬಿಡಿಸುವಾಗ ಚಿಪ್ಪು ಚೂರಾಗಿಯೇ ಬರುತ್ತದೆ. ಅರ್ಧ ಹೋಳು ಬೇಕಾದರೆ ಹೋಟೆಲ್, ಮೆಸ್, ಕಲ್ಯಾಣ ಮಂಟಪದ ಅಡುಗೆಯವರನ್ನು ಕೇಳಿ. ಕಣ್ಣಿರುವ ಹೋಳನ್ನೇ ಆರಿಸಿ. ಮೂರು ಕಣ್ಣಿನಲ್ಲಿ ಒಂದು ಮೆದುವಾಗಿರುತ್ತದೆ, ಮೊಳೆಯಿಂದ ಒತ್ತಿದರೆ ತೂತು ತಾನೇ ಆಗುತ್ತದೆ, ಹೆಚ್ಚಾದ ನೀರು ಅಲ್ಲಿಂದ ಇಳಿದುಹೋಗುತ್ತದೆ. ಒಳಗಿನ ಕಾಯಿ ಪೂರ್ತಿ ಕೆರೆದು, ತೊಳೆದು ಬಿಸಿಲಲ್ಲಿ ಒಣಗಿಸಿ, ಇಲ್ಲದಿದ್ದರೆ ಇರುವೆ ಬರುತ್ತದೆ. ಅಂಚನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ನಿಮ್ಮ ಕೆನ್ನೆಗೆ ಸವರಿ ನೋಡಿ, ಚುಚ್ಚಬಾರದು. ಕೂರಲು ನಾರಿನ ಹಗ್ಗದ ಒಂದು ಸಿಂಬೆ ಸಾಕು.

ಒಂದು ಚಿಪ್ಪಿಗೆ ಮೆಂತ್ಯ ಒಂದು ಚಮಚ. ಬೇಗ, ದಟ್ಟವಾಗಿ ಬರಲಿ.

5. ನೀರು

ಮಕ್ಕಳ ಗಿಡ ಸಾಯುವುದು ನೀರಿಲ್ಲದೆ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಕೈಯಲ್ಲಿ ಹೋದ ಗಿಡಗಳೆಲ್ಲ ಹೆಚ್ಚಾಗಿ ನೀರು ಜಾಸ್ತಿಯಾಗಿ ಹೋದವು. ಮಗುವಿಗೆ ಗಿಡದ ಮೇಲೆ ಪ್ರೀತಿ ಬಂದರೆ ತೋರಿಸುವ ದಾರಿ ಅದೊಂದೇ, ಎದ್ದಾಗ, ಊಟ ಆದಾಗ, ಮಲಗುವ ಮುಂಚೆ ನೀರು ಹಾಕುತ್ತದೆ. ಅದನ್ನು ತಡೆಯಬೇಡಿ, ಸಣ್ಣದು ಮಾಡಿ. ಸ್ಪ್ರೇ ಬಾಟಲಿಯ ಗುಂಡಿ ಮೂರು ವರ್ಷದ ಕೈಗೆ ಅದುಮಲು ಬರಲ್ಲ, ನಾನು ಪರೀಕ್ಷೆ ಮಾಡಿ ಬಿಟ್ಟಿದ್ದೇನೆ. ಅಂಗೈಯಲ್ಲಿ ಹಿಡಿಸುವ ಮೆತ್ತನೆಯ ಬಾಟಲಿ ಕೊಡಿ, ಮುಚ್ಚಳಕ್ಕೆ ದಬ್ಬಳದಿಂದ ಎರಡೇ ತೂತು. ಹತ್ತು ಸಲ ಹಿಂಡಿದರೂ ಗಿಡ ಮುಳುಗುವುದಿಲ್ಲ.

ಇನ್ನೊಂದು ಉಪಾಯ ಬಣ್ಣದ ಚೀಟಿ. ಕೊಕೊಪೀಟ್ ಒಣಗಿದಾಗ ಬೆಲ್ಲದ ಬಣ್ಣ, ಒದ್ದೆ ಇದ್ದಾಗ ಕಾಫಿಪುಡಿ ಬಣ್ಣ. ಎರಡು ಬಣ್ಣದ ಚೌಕ ಅಚ್ಚು ಹಾಕಿ, ತಿಳಿ ಬಣ್ಣದ ಪಕ್ಕ ನೀರಿನ ಹನಿ, ಗಾಢ ಬಣ್ಣದ ಪಕ್ಕ ಮಲಗಿರುವ ಗಿಡ. ಮಗು ಚೀಟಿಯನ್ನು ಡಬ್ಬಿ ಪಕ್ಕ ಹಿಡಿದು ತಾನೇ ತೀರ್ಮಾನ ಮಾಡುತ್ತದೆ. ಪಾವಗಡ, ಸಿರಾ ಕಡೆ ನೀರಿಗೇ ತೊಂದರೆ ಇರುವ ಮನೆಗಳಿಗೆ ಅಕ್ಕಿ ತೊಳೆದ ನೀರೇ ಸಾಕು ಅಂತ ಕಾಗದದಲ್ಲಿ ಬರೆಯಿರಿ. ಅಡುಗೆಮನೆಯಲ್ಲಿ ಅಮ್ಮ ಅಕ್ಕಿ ತೊಳೆಯುವ ಹೊತ್ತೇ ಗಿಡಕ್ಕೆ ನೀರಿನ ಹೊತ್ತು ಅಂತ ಮಗುವಿಗೆ ಅಭ್ಯಾಸ ಆಗುತ್ತದೆ.

ಶಾಲೆ, ಅಂಗನವಾಡಿಗೆ ಕೊಡುವವರು ದಸರಾ ರಜೆ ನೆನಪಿಡಿ. ರಜೆ ಮುಗಿಸಿ ಬಂದ ಮಗುವಿಗೆ ಒಣಗಿದ ಕಡ್ಡಿ ಕಾಣಬಾರದು. ಹತ್ತಿಯ ಸ್ಟೌ ಬತ್ತಿ, ಹೊಸದು, ಒಂದು ಗೇಣು ಕತ್ತರಿಸಿ ತಳದ ತೂತಿನಿಂದ ಒಳಕ್ಕೆ ಎಳೆದು ಇನ್ನೊಂದು ತುದಿಯನ್ನು ಕೆಳಗಿನ ನೀರಿನ ಡಬ್ಬಿಗೆ ಇಳಿಬಿಟ್ಟರೆ ಬತ್ತಿ ನೀರನ್ನು ಮೇಲಕ್ಕೆ ಎಳೆಯುತ್ತದೆ. ನನ್ನ ಶೆಡ್‌ನಲ್ಲಿ ಅರ್ಧ ಲೀಟರ್ ನೀರಲ್ಲಿ ಮೆಂತ್ಯದ ಚಿಪ್ಪು ವಾರದ ಮೇಲೆ ನಿಂತಿತು. ಆದರೆ ಕೆಳಗಿನ ಡಬ್ಬಿಗೆ ಮುಚ್ಚಳ ಇರಲೇಬೇಕು, ಬತ್ತಿ ಹೋಗುವಷ್ಟೇ ತೂತು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಲ್ಲೇ ಮೊಟ್ಟೆ ಇಡುತ್ತದೆ, ಆ ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಗಿಡದ ಕೆಳಗೆ ಇಡುವ ತಟ್ಟೆಗೂ ಇದೇ ಮಾತು, ವಾರಕ್ಕೊಮ್ಮೆ ಚೆಲ್ಲಿ ಒರೆಸಬೇಕು.

6. ಬಾಯಿ, ಮೂಗು, ಕಿವಿ

ಇಲ್ಲಿ ರಾಜಿ ಬೇಡ. ಬೀಜದಂಗಡಿಯ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣ ಮೆತ್ತಿಕೊಂಡಿದ್ದರೆ ಅದಕ್ಕೆ ಥೈರಾಮ್, ಕ್ಯಾಪ್ಟಾನ್ ಥರದ ಫಂಗಸ್ ಕೊಲ್ಲುವ ಔಷಧಿ ಸವರಿದ್ದಾರೆ ಅಂತ ಅರ್ಥ. ಹೊಲಕ್ಕೆ ಸರಿ, ಮಗುವಿನ ಕೈಗೆ ಸಲ್ಲದು. ನೋಡಲು ಮಿಠಾಯಿ ಹಾಗೇ ಇರುತ್ತದೆ, ಬಾಯಿಗೆ ಹೋಗಿಯೇ ಹೋಗುತ್ತದೆ. ಔಷಧಿ ಹಾಕದ ಬೀಜವೇ ಬೇಕು ಅಂತ ಕೇಳಿ ತನ್ನಿ. ಮೆಂತ್ಯ, ಹೆಸರು, ಅಲಸಂದೆ ಆದರೆ ದಿನಸಿ ಅಂಗಡಿಯ ಹೊಸ ಕಾಳೇ ಸಾಕು, ಹತ್ತು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ಎಂಟಾದರೂ ಮೊಳೆತರೆ ಆ ಚೀಲ ತಗೊಳ್ಳಿ.

ಚೆಂದ ಕಾಣುತ್ತದೆ ಅಂತ ಗುಲಗಂಜಿ ಹಾಕುವ ಯೋಚನೆ ಯಾರಿಗೂ ಬರದಿರಲಿ, ಅದು ಭಾರೀ ವಿಷ. ಹರಳು, ಉಮ್ಮತ್ತಿ, ಕಣಗಿಲೆ ಕೂಡ ಕಿಟ್ ಹತ್ತಿರ ಸುಳಿಯಬಾರದು. ಮೂರು ವರ್ಷದ ಕೆಳಗಿನ ಮಕ್ಕಳಿಗೆ ಬಿಡಿಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಮೂಗಿಗೆ ತುರುಕಿಕೊಂಡ ಕಾಳು ಒದ್ದೆಗೆ ಊದಿ ಇನ್ನೂ ಬಿಗಿಯಾಗುತ್ತದೆ, ಹಾಗಾದರೆ ಮನೆಯಲ್ಲಿ ಕಡ್ಡಿ ಹಾಕದೆ ಡಾಕ್ಟರ ಹತ್ತಿರ ಹೋಗಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವ ಚಿತ್ರ ಕೊನೆಯ ಹಂತವಾಗಿ ಇರಲಿ.

7. ಕಾಗದ: ಮಗುವಿಗೆ ಚಿತ್ರ, ದೊಡ್ಡವರಿಗೆ ಕನ್ನಡ

ಮಗುವಿಗೆ ಓದಲು ಬರಲ್ಲ, ಆದ್ದರಿಂದ ಒಂದು ಕಡೆ ಬರೀ ಚಿತ್ರ. ಇಪ್ಪತ್ತೊಂದು ಖಾಲಿ ಚೌಕದ ಒಂದು ಪಟ್ಟಿ ಮಾಡಿ. ಅಂಗಿ ಎತ್ತಿ ನೋಡಿದ ದಿನ ಮಗು ಒಂದು ಚೌಕಕ್ಕೆ ಬೊಟ್ಟು ಅಂಟಿಸಲಿ, ಅಮ್ಮನ ಸ್ಟಿಕ್ಕರ್ ಪ್ಯಾಕೆಟ್‌ನಿಂದ. ಹಿಂದೆ ದೊಡ್ಡವರಿಗೆ ಐದಾರು ಸಾಲು ಕನ್ನಡದಲ್ಲಿ. ಅಜ್ಜಿ ಕನ್ನಡಕ ಹಾಕಿಕೊಂಡು ಓದುವಷ್ಟು ದಪ್ಪ ಅಕ್ಷರ, ಯಾಕೆಂದರೆ ಹಗಲೆಲ್ಲ ಮಗುವಿನ ಜೊತೆ ಇರೋದು ಹೆಚ್ಚಾಗಿ ಅಜ್ಜಿನೇ. ಮೊಳಕೆ ಬಂದ ಮೇಲೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಿಟಕಿಗೆ ಇಡಿ, ಕತ್ತಲಲ್ಲಿಟ್ಟರೆ ಬಿಳಿಚಿಕೊಂಡು ಉದ್ದ ಬೆಳೆದು ಬೀಳುತ್ತದೆ ಅನ್ನೋದನ್ನು ತಪ್ಪದೆ ಬರೆಯಿರಿ. ಅಲಸಂದೆಗೆ ನಾಲ್ಕು ಎಲೆ ಬಂದಾಗ ಹಳೇ ಬಕೆಟ್‌ಗೋ ಅಕ್ಕಿ ಚೀಲಕ್ಕೋ ಮಣ್ಣು ತುಂಬಿ ಬದಲಾಯಿಸಬೇಕು ಅನ್ನೋದನ್ನೂ.

8. ಐದು ಮಕ್ಕಳಿಗೆ ಕೊಟ್ಟು ಸುಮ್ನೆ ಕೂತು ನೋಡಿ

ನೂರು ಕಿಟ್ ಮಾಡುವ ಮುಂಚೆ ಐದು ಮಾಡಿ. ಹತ್ತಿರದ ಅಂಗನವಾಡಿ ಟೀಚರ್ ಹತ್ತಿರ, ಅಪ್ಪ ಅಮ್ಮಂದಿರ ಹತ್ತಿರ ಕೇಳಿಕೊಂಡು, ಡಬ್ಬಿ ಮುಂದಿಟ್ಟು, ಬಾಯಿ ಮುಚ್ಚಿಕೊಂಡು ಕೂರಿ. ಇದು ಕಷ್ಟ, ಹೇಳಿಕೊಡಲು ನಾಲಿಗೆ ತುರಿಸುತ್ತದೆ. ಎಲ್ಲಿ ಮಗು ನಿಮ್ಮ ಮುಖ ನೋಡುತ್ತದೋ ಅಲ್ಲಿ ನಿಮ್ಮ ಡಿಸೈನ್ ಸೋತಿದೆ ಅಂತ ಬರೆದುಕೊಳ್ಳಿ. ನನ್ನ ಮೊದಲ ಡಬ್ಬಿಯ ಮುಚ್ಚಳವನ್ನು ಐವರಲ್ಲಿ ಒಬ್ಬರೂ ತೆಗೆಯಲಿಲ್ಲ, ತಿರುಗಿಸುವ ಮುಚ್ಚಳ ಅದು. ಬೀಜದ ಪ್ಯಾಕೆಟ್ ಹರಿದಾಗ ಕಾಳೆಲ್ಲ ನೆಲಕ್ಕೆ ಚೆಲ್ಲಿತು, ಈಗ ಕಾಗದವನ್ನು ಕಡ್ಲೆಪುರಿ ಪೊಟ್ಟಣದ ಹಾಗೆ ಸುತ್ತಿ ಕೊಡುತ್ತೇನೆ, ಬಿಚ್ಚಿದರೆ ಕಾಳು ನಡುವಲ್ಲೇ ಉಳಿಯುತ್ತದೆ. ಹದಿನೈದನೇ ದಿನ ಮತ್ತೆ ಹೋಗಿ. ಮಗು ನಿಮ್ಮನ್ನು ಕೈಹಿಡಿದು ಡಬ್ಬಿ ಹತ್ತಿರ ಕರೆದುಕೊಂಡು ಹೋಯಿತಾ ಅನ್ನೋದು ನೋಡಿ.

9. ಮಾರುವುದಾದರೆ

ಬೀಜ ಮಾರಲು 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿ ಬೇಕು, ನಿಮ್ಮ ತಾಲ್ಲೂಕಿನ ಕೃಷಿ, ತೋಟಗಾರಿಕೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಆಟಿಕೆ ಅಂತ ಹೇಳಿ ಮಾರಿದರೆ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ ಅನ್ನೋದು ತಿಳಿದಿರಲಿ. ಪ್ಯಾಕ್ ಮೇಲೆ ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಷ್ಟಿದೆ, ಎಂ.ಆರ್.ಪಿ. ಇರಬೇಕು. ಬೀಜ ಪ್ಯಾಕ್ ಮಾಡಿದ ತಿಂಗಳನ್ನು ದೊಡ್ಡದಾಗಿ ಹಾಕಿ, ಹಳೇ ಬೀಜ ಮಗುವಿನ ನಂಬಿಕೆ ಕೆಡಿಸುತ್ತದೆ.

10. ಒಂದು ಖಾಲಿ ಪೊಟ್ಟಣ

ಕಿಟ್‌ನ ತಳದಲ್ಲಿ ಒಂದು ಖಾಲಿ ಪೊಟ್ಟಣ ಇಡಿ, ಮೇಲೆ ಮಗುವಿನ ಹೆಸರು ಬರೆಯಲು ಒಂದು ಗೆರೆ. ಹೈಬ್ರಿಡ್ ಬೇಡ ಅಂದಿದ್ದು ಇದಕ್ಕೆ, ಅದರ ಬೀಜ ಮರುವರ್ಷ ಅದೇ ಥರದ ಗಿಡ ಕೊಡಲ್ಲ. ಅಲಸಂದೆ ಕಾಯಿಗಳಲ್ಲಿ ಎರಡನ್ನು ಕೀಳದೆ ಗಿಡದಲ್ಲೇ ಬಿಡಲು ಹೇಳಿ. ಎರಡೂವರೆ ಮೂರು ತಿಂಗಳಿಗೆ ಅವು ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನುತ್ತವೆ. ನನ್ನ ಅಕ್ಕನ ಮಗಳು ಈಗ ಒಂದನೇ ಕ್ಲಾಸು. ಹೋದ ಸಲ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಚಿಕ್ಕಮ್ಮ, ಒಳಗೆ ಎದ್ದಿದಾವೆ" ಅಂದಳು. ಬಿಡಿಸಿದರೆ ಹನ್ನೊಂದು ಕಾಳು. ನೆರಳಲ್ಲಿ ಎರಡು ದಿನ ಒಣಗಿಸಿ, ಚಿಟಿಕೆ ಬೂದಿ ಸವರಿ ಪೊಟ್ಟಣಕ್ಕೆ ಹಾಕಿದೆವು. ಒಂದನ್ನು ಮಾತ್ರ ಅವಳು ಕೊಡಲಿಲ್ಲ, ಆಗಲೇ ಕಿಟಕಿ ಡಬ್ಬಿಗೆ ಇಳಿಸಿ ಅಂಗಿ ಹಾಕಿಬಿಟ್ಟಿದ್ದಳು.